ಎರಡು ಬೆರಳಿನ ಅಂತರ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಕಪಾಟಿನಿಂದ ಇಳಿಸಿದ ಪೆಟ್ಟಿಗೆಯಲ್ಲಿ 32 ವಿಡಿಯೊ ಕ್ಯಾಸೆಟ್ಟುಗಳಿದ್ದವು. ಒಂದೊಂದರ ಬೆನ್ನಿನ ಮೇಲೂ ಅವರ ದುಂಡಗಿನ ಅಕ್ಷರಗಳಲ್ಲಿ ಕಾರ್ಯಕ್ರಮದ ಹೆಸರು, ದಿನಾಂಕ, ಯಂತ್ರದ ಎಣಿಕೆ ಎಲ್ಲಿಂದ ಎಲ್ಲಿಯವರೆಗೆ ಓಡುತ್ತದೆ ಎಂಬ ಟಿಪ್ಪಣಿ, ಎಲ್ಲವೂ ಇತ್ತು. ಅವು ಎಲ್ಲರ ಮನೆಯಲ್ಲಿ ಕಾಣುತ್ತಿದ್ದ, ವಿಎಚ್‌ಎಸ್ ಎಂಬ ದೊಡ್ಡ ಕ್ಯಾಸೆಟ್ಟುಗಳಾಗಿರಲಿಲ್ಲ. ಬೀಟಾಮ್ಯಾಕ್ಸ್ ಎಂಬ ಚಿಕ್ಕ ಕ್ಯಾಸೆಟ್ಟುಗಳು. ಹಳೆಯ ಟೇಪುಗಳನ್ನು ಕಂಪ್ಯೂಟರ್ ಕಡತಗಳಾಗಿ ಮಾಡಿಕೊಡುವ ತಂತ್ರಜ್ಞರೊಬ್ಬರ ಬಳಿಗೆ ಪೆಟ್ಟಿಗೆಯನ್ನು ಒಯ್ದೆ. ಅವರ ಮೇಜಿನ ಮೇಲೆ ನಾಲ್ಕು ವಿಎಚ್‌ಎಸ್ ಯಂತ್ರಗಳು ಸಾಲಾಗಿ ಕೆಲಸ ಮಾಡುತ್ತಿದ್ದವು. ಬೀಟಾ ಯಂತ್ರ ಮಾತ್ರ ಒಂದೇ, ಅದೂ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಅದರ ಪಕ್ಕದಲ್ಲಿ ಹೊಟ್ಟೆ ಬಿಚ್ಚಿ ಬಿದ್ದಿದ್ದ ಇನ್ನೆರಡು ಬೀಟಾ ಯಂತ್ರಗಳು ಬಿಡಿಭಾಗಗಳಿಗಾಗಿ ಮಾತ್ರ ಉಳಿದುಕೊಂಡಿದ್ದವು. ಒಂದು ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ಅದರ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಟೇಪನ್ನು ನೋಡುತ್ತಾ ಅವರು, "ಒಳ್ಳೆಯದೇ ಸೋತುಹೋಯಿತು ನೋಡಿ" ಎಂದರು. ನಾನು ತಲೆಯಾಡಿಸಿದೆ.

ಆ ತಲೆಯಾಡಿಸುವಿಕೆಯೇ ಆಮೇಲೆ ನನ್ನನ್ನು ಕಾಡತೊಡಗಿತು. ಬೀಟಾ ಉತ್ತಮವಾಗಿದ್ದರೂ ಮಾರುಕಟ್ಟೆಯಲ್ಲಿ ವಿಎಚ್‌ಎಸ್‌ಗೆ ಸೋತಿತು ಎಂಬ ಈ ಮಾತನ್ನು ನಾನು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ, ಎಷ್ಟೋ ಬಾರಿ ನಾನೇ ಹೇಳಿಯೂ ಇದ್ದೇನೆ. ಮಾರುಕಟ್ಟೆ ಕುರುಡು, ಜನ ಕುರಿಮಂದೆ, ಉತ್ತಮವಾದದ್ದಕ್ಕೆ ಕಾಲವಿಲ್ಲ ಎಂದು ಯಾರಿಗಾದರೂ ಸಾಧಿಸಿ ತೋರಿಸಬೇಕಾದಾಗಲೆಲ್ಲ ಬೀಟಾಮ್ಯಾಕ್ಸಿನ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ಬೀಟಾ ಉತ್ತಮವಾಗಿತ್ತು ಎಂದು ನನಗೆ ಹೇಗೆ ಗೊತ್ತು? ಚಿಕ್ಕಪ್ಪ ಹೇಳಿದ್ದರು. ಅವರಿಗೆ ಯಾರು ಹೇಳಿದ್ದರೋ. ಮುಂದಿನ ವಾರ ನನ್ನದೇ ಕೆಲವು ವಿಎಚ್‌ಎಸ್ ಟೇಪುಗಳನ್ನೂ ಒಯ್ದು, ಅದೇ ಪರದೆಯ ಮೇಲೆ ಎರಡನ್ನೂ ಒಂದರ ಹಿಂದೆ ಒಂದರಂತೆ ಹಾಕಿಸಿ ನೋಡಿದೆ. ಮೂವತ್ತು ವರ್ಷಕ್ಕೂ ಹಳೆಯದಾದ ಟೇಪುಗಳನ್ನು ಹೀಗೆ ಹೋಲಿಸುವುದು ನ್ಯಾಯವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಅಷ್ಟೊಂದು ಕೇಳಿದ್ದ ಆ ವ್ಯತ್ಯಾಸ ಕಣ್ಣಿಗೆ ಬಿದ್ದೀತು ಎಂದು ಹುಡುಕಿದೆ. ಎರಡರಲ್ಲೂ ಅಂಚುಗಳು ಒಂದೇ ರೀತಿ ಕರಗಿದ್ದವು, ಕೆಂಪು ಬಣ್ಣ ಎರಡರಲ್ಲೂ ಗೆರೆ ದಾಟಿ ಹರಡಿಕೊಂಡಿತ್ತು. ಯಾವುದು ಯಾವುದೆಂದು ಹೇಳದೆ ಕೇಳಿದ್ದರೆ ನಾನು ತಪ್ಪು ಉತ್ತರ ಕೊಡುತ್ತಿದ್ದೆ.

ಒಂದು ಗಂಟೆಯ ಕಥೆ

ಸೋನಿ ಬೀಟಾಮ್ಯಾಕ್ಸನ್ನು ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಜೆವಿಸಿ ತನ್ನ ವಿಎಚ್‌ಎಸ್ ಯಂತ್ರವನ್ನು ಹೊರತಂದದ್ದು 1976ರಲ್ಲಿ. ಎರಡೂ ಅರ್ಧ ಇಂಚು ಅಗಲದ ಟೇಪನ್ನೇ ಬಳಸುತ್ತಿದ್ದವು. ತಿರುಗುವ ಡ್ರಮ್ಮಿನ ಮೇಲಿನ ಹೆಡ್ಡುಗಳು ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತ ಚಿತ್ರ ಬರೆಯುವ ತತ್ವವೂ ಒಂದೇ. ಇವೆರಡೂ ಹಗೆಗಳಾಗಿ ಹುಟ್ಟಿದವಲ್ಲ ಎಂಬುದನ್ನೂ ನೆನಪಿಡಬೇಕು. ಈ ಎರಡು ಕಂಪನಿಗಳು, ಅವುಗಳೊಂದಿಗೆ ಜೆವಿಸಿಯ ಮಾತೃಸಂಸ್ಥೆಯಾಗಿದ್ದ ಮತ್ಸುಶಿತ, ಮೂರೂ ಸೇರಿ ಯು-ಮ್ಯಾಟಿಕ್ ಎಂಬ ಮುಕ್ಕಾಲು ಇಂಚಿನ ಟೇಪಿನ ವಿಧಾನಕ್ಕೆ ಕೈಜೋಡಿಸಿದ್ದವು, ಪೇಟೆಂಟುಗಳನ್ನು ಪರಸ್ಪರ ಹಂಚಿಕೊಂಡಿದ್ದವು. ಬೀಟಾಮ್ಯಾಕ್ಸ್ ಸಿದ್ಧವಾಗುತ್ತಿದ್ದಾಗ 1974ರಲ್ಲಿ ಸೋನಿ ಅದನ್ನು ಉಳಿದಿಬ್ಬರಿಗೂ ತೋರಿಸಿ, ಎಲ್ಲರೂ ಇದನ್ನೇ ಒಪ್ಪಿಕೊಳ್ಳೋಣ ಎಂದು ಕೇಳಿತ್ತು. ಅವರು ಒಪ್ಪಲಿಲ್ಲ. ಅಷ್ಟರಲ್ಲಾಗಲೇ ಜೆವಿಸಿಯ ಯುಮಾ ಶಿರೈಶಿ ಮತ್ತು ಶಿಜುವೊ ತಕಾನೊ ತಮ್ಮದೇ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಯಂತ್ರ ಕಟ್ಟುವುದಕ್ಕೆ ಮೊದಲು ಅವರು ಅದು ಏನೇನು ಮಾಡಬೇಕು ಎಂಬ 12 ಅಂಶಗಳ ಪಟ್ಟಿಯೊಂದನ್ನು ಬರೆದುಕೊಂಡಿದ್ದರು.

ಆ ಪಟ್ಟಿ ನನಗೆ ತುಂಬ ಇಷ್ಟ. ಮನೆಯ ಸಾಮಾನ್ಯ ಟಿವಿಗೆ ಜೋಡಿಸಲು ಬರಬೇಕು. ಪ್ರಸಾರವಾದ ಚಿತ್ರ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಕಾಣಬೇಕು. ಕನಿಷ್ಠ ಎರಡು ಗಂಟೆ ರೆಕಾರ್ಡ್ ಆಗಬೇಕು. ಒಂದು ಯಂತ್ರದ ಕ್ಯಾಸೆಟ್ ಇನ್ನೊಂದರಲ್ಲಿ ಓಡಬೇಕು. ಬೇರೆ ಕಾರ್ಖಾನೆಗಳಿಗೂ ತಯಾರಿಸಲು ಕಷ್ಟವಾಗಬಾರದು. ಕೆಟ್ಟರೆ ರಿಪೇರಿ ಸುಲಭವಾಗಿರಬೇಕು. ಎಲ್ಲರಿಗಿಂತ ಉತ್ತಮ ಚಿತ್ರ ಬೇಕು ಎಂಬ ಮಾತು ಅದರಲ್ಲಿ ಇಲ್ಲ. ಚಿತ್ರಕ್ಕೆ ಒಂದು ಮಟ್ಟ ಹಾಕಿಕೊಂಡು, ಅಲ್ಲಿಗೆ ತಲುಪಿದರೆ ಸಾಕು ಎಂದು ಬಿಟ್ಟು, ಉಳಿದ ಶ್ರಮವನ್ನೆಲ್ಲ ಅವರು ಬೇರೆ ಕಡೆಗೆ ಹರಿಸಿದ್ದರು.

ಸೋನಿಯ ಲೆಕ್ಕ ಬೇರೆಯೇ ಇತ್ತು. ಕ್ಯಾಸೆಟ್ ಒಂದು ಚಿಕ್ಕ ಪುಸ್ತಕದ ಗಾತ್ರದಲ್ಲಿರಬೇಕು, ಕೈಯಲ್ಲಿ ಹಿಡಿಯಲು ಹಿತವಾಗಿರಬೇಕು ಎಂಬುದು ಅವರ ಆಸೆ. ಅದರಲ್ಲಿ ಹಿಡಿಸುವ ಟೇಪಿಗೆ ಒಂದು ಗಂಟೆಯ ಕಾಲಾವಕಾಶ ಸಿಕ್ಕಿತು. ಟಿವಿಯಲ್ಲಿ ಬರುವ ಕಾರ್ಯಕ್ರಮವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ನೋಡುವುದು, ಸೋನಿಯ ಅಕಿಯೊ ಮೊರಿಟಾ ಟೈಮ್ ಶಿಫ್ಟ್ ಎಂದು ಕರೆದದ್ದು, ಇದೇ ಆ ಯಂತ್ರದ ಮುಖ್ಯ ಕೆಲಸ ಎಂದುಕೊಂಡವರಿಗೆ ಒಂದು ಗಂಟೆ ಕೊರತೆಯೆಂದು ಅನ್ನಿಸಿರಲಿಕ್ಕಿಲ್ಲ. ಟಿವಿ ಕಾರ್ಯಕ್ರಮಗಳು ಹೆಚ್ಚಾಗಿ ಅರ್ಧ ಗಂಟೆ, ಒಂದು ಗಂಟೆಯವು. ಆದರೆ ಸಿನಿಮಾ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ, ಆಟದ ಪಂದ್ಯವೂ ಮುಗಿಯುವುದಿಲ್ಲ. ಅಮೆರಿಕದ ಆರ್‌ಸಿಎ ಕಂಪನಿ ತನ್ನ ಹೆಸರಿನಲ್ಲಿ ಮಾರಲು ಯಂತ್ರ ಹುಡುಕುತ್ತಿದ್ದಾಗ ಅದರ ಬೇಡಿಕೆ ಬಹಳ ಸರಳವಾಗಿತ್ತು: ಅಲ್ಲಿನ ಫುಟ್‌ಬಾಲ್ ಪಂದ್ಯವೊಂದು ಪೂರ್ತಿ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಸಬೇಕು. 1977ರಲ್ಲಿ ಅದು ಮಾರಾಟಕ್ಕೆ ತಂದ, ಮತ್ಸುಶಿತ ತಯಾರಿಸಿದ ವಿಎಚ್‌ಎಸ್ ಯಂತ್ರ ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿ ನಾಲ್ಕು ಗಂಟೆ ಓಡುತ್ತಿತ್ತು. ಚಿತ್ರ ಕೆಡುತ್ತಿತ್ತು, ನಿಜ. ಆದರೆ ಪಂದ್ಯದ ಕೊನೆಯ ಹತ್ತು ನಿಮಿಷ ಇಲ್ಲದ ಸೊಗಸಾದ ಚಿತ್ರಕ್ಕಿಂತ, ಕೊನೆಯವರೆಗೂ ಇರುವ ಮಸುಕು ಚಿತ್ರವೇ ವಾಸಿ ಎಂದು ಯಾರಾದರೂ ಹೇಳಿಯಾರು.

ಇನ್ನು ಆ ಗುಣಮಟ್ಟದ ಮಾತು. ಬೀಟಾ ಯಂತ್ರದ ಡ್ರಮ್ಮಿನ ವ್ಯಾಸ ಸುಮಾರು 75 ಮಿಲಿಮೀಟರ್, ವಿಎಚ್‌ಎಸ್‌ನದು 62. ಎರಡೂ ಒಂದೇ ಸಂಖ್ಯೆಯ ಸುತ್ತು ತಿರುಗುವುದರಿಂದ ದೊಡ್ಡ ಡ್ರಮ್ಮಿನ ಹೆಡ್ಡು ಟೇಪಿನ ಮೇಲೆ ಹೆಚ್ಚು ವೇಗವಾಗಿ ಹಾಯುತ್ತದೆ, ಹೆಚ್ಚು ವಿವರ ಬರೆಯುತ್ತದೆ. ಟೇಪು ಸಾಗುವ ವೇಗವೂ ಮೊದಲ ಬೀಟಾದಲ್ಲಿ ಹೆಚ್ಚೇ ಇತ್ತು: ಸೆಕೆಂಡಿಗೆ 40 ಮಿಲಿಮೀಟರ್, ವಿಎಚ್‌ಎಸ್‌ನಲ್ಲಿ 33 ಚಿಲ್ಲರೆ. ಹಾಗಾಗಿ ಒಂದು ಗಂಟೆಯ ಬೀಟಾ ಚಿತ್ರ ತುಸು ಮೇಲಿತ್ತು ಎಂಬುದು ಸುಳ್ಳಲ್ಲ. ಆದರೆ ಎದುರಾಳಿಯ ಎರಡು ಗಂಟೆಗೆ ಉತ್ತರವಾಗಿ ಸೋನಿ 1977ರಲ್ಲೇ ಟೇಪಿನ ವೇಗವನ್ನು ಅರ್ಧ ಮಾಡಿ ಎರಡು ಗಂಟೆಯ ಬೀಟಾವನ್ನು ತಂದಿತು. ವೇಗ ಅರ್ಧವಾದರೆ ಗೆರೆಗಳು ಕಿರಿದಾಗುತ್ತವೆ, ಚಿತ್ರದಲ್ಲಿ ಚುಕ್ಕಿಗಳ ಗದ್ದಲ ಹೆಚ್ಚುತ್ತದೆ. ಅಲ್ಲಿಂದ ಮುಂದೆ ಜನ ನಿಜವಾಗಿ ಮನೆಯಲ್ಲಿಟ್ಟುಕೊಂಡು ಬಳಸಿದ ಬೀಟಾ ಈ ಎರಡನೆಯದು. ಕಥೆಯಲ್ಲಿ ಗೆಲ್ಲಬೇಕಿದ್ದ ಬೀಟಾ ಮೊದಲನೆಯದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಒಂದರ ಕೀರ್ತಿ ಇನ್ನೊಂದಕ್ಕೆ ಸಂದಾಯವಾಗಿಬಿಟ್ಟಿದೆ. ಪ್ಯಾಲ್ ಎಂಬ ಟಿವಿ ಪ್ರಸಾರ ವಿಧಾನದ ದೇಶಗಳಿಗೆ ಬಂದ ಬೀಟಾದಲ್ಲಂತೂ ಟೇಪು ಮೊದಲಿನಿಂದಲೂ ವಿಎಚ್‌ಎಸ್‌ಗಿಂತ ನಿಧಾನವಾಗಿಯೇ ಸಾಗುತ್ತಿತ್ತು.

ಸಾಕು ಎಂಬ ಮಾತು

ಕನ್ನಡದಲ್ಲಿ ಸಾಕು ಎಂಬ ಪದಕ್ಕೆ ಎರಡು ಅರ್ಥ. ಇಷ್ಟಿದ್ದರೆ ಆಯಿತು ಎಂಬುದು ಒಂದು. ಸಲಹು, ಪೋಷಿಸು ಎಂಬುದು ಇನ್ನೊಂದು. ಈ ವಿಡಿಯೊ ಕದನಗಳನ್ನು ಕುರಿತು ಯೋಚಿಸುವಾಗ ಇವೆರಡೂ ಅರ್ಥ ಒಟ್ಟಿಗೆ ಬೇಕಾಗುತ್ತವೆ ಎಂದು ನನಗೆ ಅನ್ನಿಸಿದೆ. ಒಂದು ವಿಧಾನ ಮೊದಲು ಜನರ ಸಾಕು ಎಂಬ ಗೆರೆಯನ್ನು ಮುಟ್ಟಬೇಕು. ಆ ಗೆರೆ ಎಂಜಿನಿಯರ್ ಎಳೆದಲ್ಲಿ ಇರುವುದಿಲ್ಲ, ಬಳಸುವವರ ಸಂಜೆ ಎಷ್ಟು ಉದ್ದವಿದೆಯೋ ಅಲ್ಲಿರುತ್ತದೆ. ಅದನ್ನು ಮುಟ್ಟಿದ ಮೇಲೆ ಇನ್ನೂ ಮೇಲಕ್ಕೆ ಏರುವುದರಿಂದ ಹೆಚ್ಚಿನ ಲಾಭವಿಲ್ಲ. ಆಗ ಬೇಕಾದದ್ದು ಸಾಕುವವರು. ಬೇರೆ ತಯಾರಕರು, ಟೇಪುಗಳನ್ನು ಬಾಡಿಗೆಗೆ ಕೊಡುವವರು, ರಿಪೇರಿಯವರು, ಎಲ್ಲಕ್ಕಿಂತ ಮಿಗಿಲಾಗಿ, ಅದೇ ಯಂತ್ರವಿರುವ ಇನ್ನೊಂದು ಮನೆ.

ಇದನ್ನು ನಾನು ಕಲಿತದ್ದು ಎಂಟೋ ಒಂಬತ್ತೋ ವರ್ಷದವನಿದ್ದಾಗ, ಕಲಿಯುತ್ತಿದ್ದೇನೆ ಎಂದು ತಿಳಿಯದೆಯೇ. ಗೆಳೆಯನೊಬ್ಬನ ಮನೆಯಿಂದ ಒಂದು ಸಿನಿಮಾದ ಕ್ಯಾಸೆಟ್ಟನ್ನು ಗೋಗರೆದು ಎರವಲು ತಂದಿದ್ದೆ. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಿ ಬಂದು ಚಿಕ್ಕಪ್ಪನ ಯಂತ್ರದ ಬಾಯಿಗೆ ತುರುಕಲು ನೋಡಿದೆ. ಹೋಗಲಿಲ್ಲ. ತಿರುಗಿಸಿ ಹಿಡಿದೆ, ಆಗಲೂ ಹೋಗಲಿಲ್ಲ. ನಾನು ತಳ್ಳುವುದನ್ನು ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೈದಾರು ಎಂದುಕೊಂಡೆ. ಅವರು ಹತ್ತಿರ ಬಂದು ಕ್ಯಾಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ತಮ್ಮ ಕಪಾಟಿನಿಂದ ಒಂದನ್ನು ಇಳಿಸಿ, ದೊಡ್ಡದರ ಮೇಲೆ ಚಿಕ್ಕದನ್ನು ಒಂದು ಅಂಚು ಸೇರಿಸಿ ಇಟ್ಟು ತೋರಿಸಿದರು. ಎರಡು ಬೆರಳಿನಷ್ಟು ಹೊರಗೆ ಉಳಿಯಿತು. "ನಮ್ಮದು ಇದಕ್ಕಿಂತ ಒಳ್ಳೆಯದು" ಎಂದರು. ಆಗ ನನಗೆ ಅಳು ಬಂದದ್ದು ನೆನಪಿದೆ. ಒಳ್ಳೆಯದಾಗಿದ್ದರೆ ಯಾಕೆ ಹೋಗುವುದಿಲ್ಲ ಎಂಬುದು ನನ್ನ ಪ್ರಶ್ನೆಯಾಗಿತ್ತು. ಅದನ್ನು ಹೀಗೆ ಕೇಳಬಹುದೆಂದು ಗೊತ್ತಿರಲಿಲ್ಲ, ಅಷ್ಟೇ. ಈಗ ಅಳತೆ ನೋಡಿದರೆ ವಿಎಚ್‌ಎಸ್ ಕ್ಯಾಸೆಟ್ಟಿನ ಉದ್ದ 188 ಮಿಲಿಮೀಟರ್, ಬೀಟಾದ್ದು 156. ಚಿಕ್ಕಪ್ಪನ ಎರಡು ಬೆರಳು ಸುಮಾರಾಗಿ ಸರಿಯಾಗಿಯೇ ಅಳೆದಿದ್ದವು.

ಅವರ ಕಪಾಟಿನ ವಿಶೇಷವೇನೆಂದರೆ, ಅದರಿಂದ ಯಾವ ಟೇಪೂ ಹೊರಗೆ ಹೋಗುತ್ತಿರಲಿಲ್ಲ, ಹೊರಗಿನದು ಯಾವುದೂ ಒಳಗೆ ಬರುತ್ತಿರಲಿಲ್ಲ. ಎಲ್ಲವೂ ಅವರೇ ಟಿವಿಯಿಂದ ರೆಕಾರ್ಡ್ ಮಾಡಿಕೊಂಡವು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಮನೆಯವರು ಹಾಸ್ಯ ಮಾಡುತ್ತಿದ್ದರು. ಅವರು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸುತ್ತಿದ್ದರು.

ಒಂದು ವಸ್ತುವಿನ ಬೆಲೆ ಅದನ್ನು ಬಳಸುವ ಇತರರ ಸಂಖ್ಯೆಯೊಂದಿಗೆ ಬೆಳೆಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಬ್ರಯನ್ ಆರ್ಥರ್ ಈ ಕ್ಯಾಸೆಟ್ಟುಗಳ ಉದಾಹರಣೆಯಿಂದಲೇ ವಿವರಿಸಿದ್ದರು. ಆರಂಭದಲ್ಲಿ ಒಂದು ಕಡೆಗೆ ಸ್ವಲ್ಪ ವಾಲಿದರೂ ಸಾಕು, ಆ ವಾಲುವಿಕೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಹೆಚ್ಚು ಯಂತ್ರಗಳಿದ್ದರೆ ಹೆಚ್ಚು ಟೇಪುಗಳು, ಹೆಚ್ಚು ಟೇಪುಗಳಿದ್ದರೆ ಇನ್ನೂ ಹೆಚ್ಚು ಯಂತ್ರಗಳು. ಲೀಬೊವಿಟ್ಜ್ ಮತ್ತು ಮಾರ್ಗೊಲಿಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪದೆ, ವಿಎಚ್‌ಎಸ್ ಗೆದ್ದದ್ದು ಆಕಸ್ಮಿಕದಿಂದಲ್ಲ, ಜನರಿಗೆ ಬೇಕಾದ ಹೆಚ್ಚು ಹೊತ್ತಿನ ಟೇಪು ಅದರಲ್ಲಿತ್ತು, ಅಷ್ಟೇ ಎಂದು ವಾದಿಸಿದರು. ಈ ಎರಡು ವಾದಗಳ ನಡುವೆ ನಾನು ಯಾವ ಕಡೆ ನಿಲ್ಲಬೇಕು ಎಂದು ತುಂಬ ದಿನ ತೂಗಿ ನೋಡಿದ್ದೇನೆ. ಮೊದಲ ತಳ್ಳು ಕಾಲಾವಕಾಶದ್ದು, ಆಮೇಲಿನ ಓಟ ಜೊತೆಗಾರರದ್ದು ಎಂದು ಈಗ ಅನ್ನಿಸುತ್ತದೆ. ಜೆವಿಸಿ ತನ್ನ ಯಂತ್ರವನ್ನು ಹಿಟಾಚಿ, ಶಾರ್ಪ್, ಮಿತ್ಸುಬಿಶಿ, ಅಕಾಯ್ ಮುಂತಾದವರ ಕೈಗೆ ಬೇಗನೆ, ಸಂಕೋಚವಿಲ್ಲದೆ ಕೊಟ್ಟಿತು. ಸೋನಿಯ ಕಡೆಗೂ ತೊಷಿಬಾ, ಸಾನ್ಯೊ, ಝೆನಿತ್ ಬಂದರು, ಆದರೆ ಸೋನಿ ಕರೆದದ್ದು ಎಲ್ಲವನ್ನೂ ತಾನೇ ತೀರ್ಮಾನಿಸಿದ ಮೇಲೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಇಲ್ಲಿ ಹೆತ್ತದ್ದು ಹೆಗ್ಗಣವೇನಲ್ಲ, ಚೆಂದದ ಮಗುವೇ. ಆದರೆ ಅದನ್ನು ನಾಲ್ಕು ಮನೆಯವರು ಎತ್ತಿ ಆಡಿಸುವುದಕ್ಕೆ ಬಿಡಲು ತಡವಾಯಿತು. (ಎಲ್ಲವನ್ನೂ ನೀಲಿ ಚಿತ್ರಗಳೇ ನಿರ್ಧರಿಸಿದವು ಎಂಬ ಕಥೆಯೂ ಚಾಲ್ತಿಯಲ್ಲಿದೆ. ಅಂಥ ಚಿತ್ರಗಳು ಬೀಟಾದಲ್ಲೂ ಇದ್ದವು. ಕಥೆ ರುಚಿಯಾಗಿರುವುದರಿಂದ ಬದುಕಿದೆ ಎಂದು ನನ್ನ ಅನುಮಾನ.)

ವಿಧಿಯ ಚೇಷ್ಟೆ ಎನ್ನಬಹುದಾದ ಸಂಗತಿ ಇನ್ನೊಂದಿದೆ. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವುದೇ ಅಪರಾಧ ಎಂದು 1976ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊ ಮತ್ತು ಡಿಸ್ನಿ ಸೋನಿಯ ಮೇಲೆ ಮೊಕದ್ದಮೆ ಹೂಡಿದವು. ಏಳು ವರ್ಷಕ್ಕೂ ಹೆಚ್ಚು ಕಾಲ ಬಡಿದಾಡಿ 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಸೋನಿ ಗೆದ್ದಿತು. ಬೇಕಾದಾಗ ನೋಡಲು ಹಿಡಿದಿಟ್ಟುಕೊಳ್ಳುವುದು ನ್ಯಾಯಸಮ್ಮತ ಎಂದಾಯಿತು. ಆ ಹೊತ್ತಿಗೆ ಮಾರಾಟವಾಗುತ್ತಿದ್ದ ಯಂತ್ರಗಳಲ್ಲಿ ಬಹುಪಾಲು ವಿಎಚ್‌ಎಸ್. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು. 1988ರಲ್ಲಿ ಸೋನಿ ತಾನೂ ವಿಎಚ್‌ಎಸ್ ಯಂತ್ರ ಮಾಡಲು ಶುರುಮಾಡಿತು. ಬೀಟಾಮ್ಯಾಕ್ಸ್ ಯಂತ್ರಗಳ ತಯಾರಿಕೆಯನ್ನು ಅದು ನಿಲ್ಲಿಸಿದ್ದು 2002ರಲ್ಲಿ, ಖಾಲಿ ಕ್ಯಾಸೆಟ್ಟುಗಳ ಮಾರಾಟವನ್ನು ನಿಲ್ಲಿಸಿದ್ದು 2016ರಲ್ಲಿ. ಸೋತದ್ದು ಇಷ್ಟು ದೀರ್ಘ ಕಾಲ ಬದುಕಿತ್ತು ಎಂಬುದನ್ನು ಚಿಕ್ಕಪ್ಪನಿಗೆ ಹೇಳಿದ್ದರೆ ಹಿಗ್ಗುತ್ತಿದ್ದರು.

ಅದೇ ಕ್ಯಾಸೆಟ್ಟಿನ ಅಳತೆಯಲ್ಲಿ 1982ರಲ್ಲಿ ಬಂದ ಬೀಟಾಕ್ಯಾಮ್ ಮಾತ್ರ ಟಿವಿ ಸುದ್ದಿಯ ಲೋಕವನ್ನು ವರ್ಷಗಟ್ಟಲೆ ಆಳಿತು. ಟೇಪು ಮೊದಲ ಬೀಟಾಗಿಂತ ಸುಮಾರು ಮೂರು ಪಟ್ಟು ವೇಗವಾಗಿ ಓಡುತ್ತಿದ್ದುದರಿಂದ ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ 20 ನಿಮಿಷ ಮಾತ್ರ ಹಿಡಿಸುತ್ತಿತ್ತು. ವರದಿಗಾರನ ಹೆಗಲ ಮೇಲಿನ ಕ್ಯಾಮೆರಾಗೆ 20 ನಿಮಿಷ ಧಾರಾಳ. ಅವನಿಗೆ ಬೇಕಾದದ್ದು ಚಿತ್ರ. ಚಿಕ್ಕ ಗಾತ್ರ, ಉತ್ತಮ ಚಿತ್ರ, ಕಡಿಮೆ ಹೊತ್ತು ಎಂಬ ಅದೇ ಮೂರು ಗುಣಗಳು ಒಂದು ಕೋಣೆಯಲ್ಲಿ ಸೋಲಾದವು, ಪಕ್ಕದ ಕೋಣೆಯಲ್ಲಿ ಗೆಲುವಾದವು.

ನೋಡುಗರನ್ನು ನಂಬದ ಯಂತ್ರಗಳು

ಇನ್ನೊಂದು ಬಗೆಯ ಸೋಲಿದೆ. ಅದರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ. 1972ರಲ್ಲಿ ಅಮೆರಿಕದಲ್ಲಿ ಕಾರ್ಟ್ರಿವಿಷನ್ ಎಂಬ ಯಂತ್ರ ಬಂತು. ಸಿನಿಮಾಗಳನ್ನು ಮನೆಗೆ ಬಾಡಿಗೆಗೆ ಕೊಡುವ ಯೋಚನೆಯನ್ನು ಅದು ಎಲ್ಲರಿಗಿಂತ ಮೊದಲೇ ಮಾಡಿತ್ತು. ಬಾಡಿಗೆಯ ಕ್ಯಾಸೆಟ್ಟುಗಳು ಕೆಂಪು ಬಣ್ಣದವು. ಒಮ್ಮೆ ನೋಡಿದ ಮೇಲೆ ಅವನ್ನು ಮನೆಯಲ್ಲಿ ಹಿಂದಕ್ಕೆ ಸುತ್ತಲು ಬರುತ್ತಿರಲಿಲ್ಲ, ಕೊಟ್ಟವರೇ ತಮ್ಮ ಯಂತ್ರದಲ್ಲಿ ಸುತ್ತಬೇಕು. ಮಗು ಅತ್ತು ಎದ್ದು ಹೋದವರು, ಒಂದು ಮಾತು ಕಿವಿಗೆ ಬೀಳದವರು, ಆ ದೃಶ್ಯ ಇನ್ನೊಮ್ಮೆ ನೋಡೋಣ ಎನ್ನುವವರು, ಯಾರೂ ಅದರ ಲೆಕ್ಕದಲ್ಲಿ ಇರಲಿಲ್ಲ. ಮರುವರ್ಷವೇ ಅದು ಮುಚ್ಚಿತು. ಹೋಗಲಿ, ಅದು ಮೊದಲ ಪ್ರಯತ್ನ ಎನ್ನಬಹುದು. ಆದರೆ 26 ವರ್ಷಗಳ ನಂತರ, 1998ರಲ್ಲಿ, ಡಿವಿಎಕ್ಸ್ ಎಂಬ ಹೆಸರಿನಲ್ಲಿ ಇದೇ ಬುದ್ಧಿ ಮತ್ತೆ ಹುಟ್ಟಿತು. ಡಿವಿಡಿಯಂತೆಯೇ ಕಾಣುವ ಡಿಸ್ಕು. ಮೊದಲ ಸಲ ಹಾಕಿದಾಗಿನಿಂದ 48 ಗಂಟೆ ನೋಡಬಹುದು. ಆಮೇಲೆ ಬೇಕಾದರೆ ಮತ್ತೆ ಹಣ ಕಟ್ಟಬೇಕು, ಯಂತ್ರ ದೂರವಾಣಿ ತಂತಿಯ ಮೂಲಕ ಕಂಪನಿಗೆ ಲೆಕ್ಕ ಒಪ್ಪಿಸುತ್ತದೆ. ಸಾಮಾನ್ಯ ಡಿವಿಡಿ ಪ್ಲೇಯರುಗಳಲ್ಲಿ ಅದು ಓಡುತ್ತಿರಲಿಲ್ಲ. 1999ರ ಜೂನ್ ತಿಂಗಳಿಗೆ ಅದರ ಕಥೆ ಮುಗಿಯಿತು, 2001ರ ನಡುವಿನಲ್ಲಿ ಆ ಡಿಸ್ಕುಗಳೆಲ್ಲ ಮೂಕವಾದವು. ತಂತ್ರಜ್ಞಾನವಾಗಿ ಎರಡೂ ಜಾಣತನದವೇ. ಕೊಂಡ ವಸ್ತು ನಮ್ಮದಾಗಬೇಕೆಂಬ ಸಾಮಾನ್ಯ ಆಸೆಯನ್ನು ಎರಡೂ ಕಳ್ಳತನದಂತೆ ಕಂಡವು.

ತಡವಾಗಿ ಬಂದ ಜಾಣರಲ್ಲಿ ಫಿಲಿಪ್ಸ್ ಮತ್ತು ಗ್ರುಂಡಿಗ್‌ನವರ ವಿಡಿಯೊ 2000 ಅನ್ನು ಒಮ್ಮೆ ನೆನೆಯಬೇಕು. 1979ರಲ್ಲಿ ಬಂದ ಅದರ ಕ್ಯಾಸೆಟ್ಟನ್ನು ಆಡಿಯೊ ಕ್ಯಾಸೆಟ್ಟಿನಂತೆ ತಿರುಗಿಸಿ ಹಾಕಬಹುದಿತ್ತು, ಒಂದೊಂದು ಬದಿಯಲ್ಲಿ ನಾಲ್ಕು ಗಂಟೆ. ಹೆಡ್ಡುಗಳು ಗೆರೆಯನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಎಲ್ಲ ಇತ್ತು. ಬರುವ ಹೊತ್ತಿಗೆ ಪಂಕ್ತಿಯಲ್ಲಿ ಎಲೆ ಖಾಲಿ ಇರಲಿಲ್ಲ.

ಡಿಸ್ಕಿನ ಒಗಟು

ನನ್ನ ಈ ವಿವರಣೆಗೆ ನಿಜವಾದ ತೊಡಕು ಎದುರಾಗುವುದು ಡಿಸ್ಕುಗಳಲ್ಲಿ. 1978ರಲ್ಲಿ ಬಂದ ಲೇಸರ್‌ಡಿಸ್ಕ್ 30 ಸೆಂಟಿಮೀಟರ್ ಅಗಲದ ಹೊಳೆಯುವ ತಟ್ಟೆ. ಚಿತ್ರ ಟೇಪಿಗಿಂತ ಎಷ್ಟೋ ಸ್ವಚ್ಛ, ಎಷ್ಟು ಬಾರಿ ನೋಡಿದರೂ ಸವೆಯದು. ಆದರೆ ರೆಕಾರ್ಡ್ ಮಾಡಲು ಬರುವುದಿಲ್ಲ, ಒಂದು ಬದಿಯಲ್ಲಿ ಹೆಚ್ಚೆಂದರೆ ಒಂದು ಗಂಟೆ, ಸಿನಿಮಾದ ನಡುವೆ ಎದ್ದು ತಿರುಗಿಸಿ ಹಾಕಬೇಕು. ಆರ್‌ಸಿಎ 1960ರ ದಶಕದಿಂದಲೇ ಬೆಳೆಸಿಕೊಂಡು ಬಂದು 1981ರಲ್ಲಿ ಹೊರತಂದ ಸಿಇಡಿ ಡಿಸ್ಕು ಇನ್ನೂ ವಿಚಿತ್ರ. ಗ್ರಾಮಫೋನಿನಂತೆ ತೋಡಿನಲ್ಲಿ ಸೂಜಿ ಓಡಿ ಚಿತ್ರ ಬರುತ್ತಿತ್ತು. 1984ರಲ್ಲಿ ಆ ಕಂಪನಿ ಸುಮಾರು 58 ಕೋಟಿ ಡಾಲರ್ ನಷ್ಟದೊಂದಿಗೆ ಕೈಬಿಟ್ಟಿತು. ರೆಕಾರ್ಡ್ ಮಾಡಲು ಬಾರದ ಯಂತ್ರವನ್ನು ಜನ ಒಲ್ಲೆನೆಂದರು ಎಂಬುದು ಎಲ್ಲರೂ ಹೇಳುವ ಕಾರಣ. ಹಾಗಾದರೆ 1996ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂದ ಡಿವಿಡಿ ಪ್ಲೇಯರುಗಳಲ್ಲೂ ರೆಕಾರ್ಡಿಂಗ್ ಇರಲಿಲ್ಲವಲ್ಲ? ಜನ ಅದನ್ನು ಮುಗಿಬಿದ್ದು ಕೊಂಡರು.

ಇದರ ಉತ್ತರ ಡಿಸ್ಕಿನಲ್ಲಿ ಇಲ್ಲ, ನಡುವಿನ ವರ್ಷಗಳಲ್ಲಿ ಇದೆ ಎಂದು ನನಗೆ ತೋರುತ್ತದೆ. 1981ರಲ್ಲಿ ಮನೆಗೆ ಬರುವ ಮೊದಲ ಯಂತ್ರ ಒಂದೇ ಆಗಿದ್ದಾಗ ಅದು ಎಲ್ಲವನ್ನೂ ಮಾಡಬೇಕಿತ್ತು. 1997ರ ಹೊತ್ತಿಗೆ ರೆಕಾರ್ಡ್ ಮಾಡುವ ವಿಎಚ್‌ಎಸ್ ಆಗಲೇ ಟಿವಿಯ ಕೆಳಗೆ ಕೂತಿತ್ತು; ಹೊಸಬ ಆ ಹೊರೆ ಹೊರಬೇಕಿರಲಿಲ್ಲ. ಸಿನಿಮಾವನ್ನು ಬಾಡಿಗೆಗೆ ತರುವ, ಕೊಂಡು ಮನೆಯಲ್ಲಿಡುವ ಅಭ್ಯಾಸವನ್ನು ಟೇಪುಗಳೇ ಕಲಿಸಿದ್ದವು. 12 ಸೆಂಟಿಮೀಟರ್ ತಟ್ಟೆಯನ್ನು ಅಂಚು ಹಿಡಿದು ಎತ್ತುವುದನ್ನು ಆಡಿಯೊ ಸಿಡಿಗಳು ಕಲಿಸಿದ್ದವು, ಆ ಸಿಡಿಗಳನ್ನು ಹೊಸ ಯಂತ್ರವೂ ನುಡಿಸುತ್ತಿತ್ತು. ಎರಡು ಗಂಟೆ ದಾಟಿದ ಸಿನಿಮಾ ಒಂದೇ ಬದಿಯಲ್ಲಿ ಮುಗಿಯುತ್ತಿತ್ತು. ಯಾರೂ ಎದ್ದು ಹೋಗಬೇಕಿರಲಿಲ್ಲ. ಇಲ್ಲಿಯೂ ಯುದ್ಧಕ್ಕೆ ಎರಡು ಪಡೆ ಸಿದ್ಧವಾಗಿದ್ದವು, ಒಂದೆಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದೆಡೆ ತೊಷಿಬಾ ಮತ್ತು ಅದರ ಗೆಳೆಯರು. ಆದರೆ ಕಂಪ್ಯೂಟರ್ ಕಂಪನಿಗಳು, ಮುಖ್ಯವಾಗಿ ಐಬಿಎಂ, ಎರಡು ಬಗೆಯ ಡಿಸ್ಕು ನಮಗೆ ಬೇಡ ಎಂದು ಪಟ್ಟು ಹಿಡಿದದ್ದರಿಂದ 1995ರಲ್ಲಿ ಒಂದಾದರು. ಹೋರಾಟ ಅಂಗಡಿಗೆ ಬರುವ ಮೊದಲೇ ಮುಗಿದದ್ದು ಡಿವಿಡಿಯ ಭಾಗ್ಯ. ಲೇಸರ್‌ಡಿಸ್ಕ್ ಕೂಡ ಸುಮ್ಮನೆ ಸಾಯಲಿಲ್ಲ. ಚಿತ್ರದ ಜೊತೆಗೆ ಬಲ್ಲವರ ವ್ಯಾಖ್ಯಾನದ ಧ್ವನಿ ಕೇಳಿಸುವ ಪದ್ಧತಿಯನ್ನು 1984ರಲ್ಲಿ ಕ್ರೈಟೀರಿಯನ್ ಎಂಬ ಡಿಸ್ಕು ಪ್ರಕಾಶಕರು ಆ ತಟ್ಟೆಗಳಲ್ಲೇ ಶುರುಮಾಡಿದ್ದು, ಡಿವಿಡಿ ಅದನ್ನು ಉಂಬಳಿಯಂತೆ ಪಡೆಯಿತು.

ವಿಸಿಡಿಯದೂ ಇದೇ ಪಾಠ, ತಲೆಕೆಳಗಾಗಿ. 1993ರಲ್ಲಿ ಬಂದ ಆ ಡಿಸ್ಕಿನ ಚಿತ್ರ ಹೆಚ್ಚುಕಡಿಮೆ ಟೇಪಿನ ಮಟ್ಟದ್ದು, ಒಂದು ಡಿಸ್ಕಿಗೆ 74 ನಿಮಿಷ, ಹಾಗಾಗಿ ಸಿನಿಮಾಗೆ ಎರಡು ಡಿಸ್ಕು. ವಿಎಚ್‌ಎಸ್ ಬೇರು ಬಿಟ್ಟಿದ್ದ ಅಮೆರಿಕ, ಜಪಾನುಗಳಲ್ಲಿ ಅದನ್ನು ಕೇಳುವವರಿರಲಿಲ್ಲ. ಏಷ್ಯಾದ ಉಳಿದ ಬಹುಭಾಗದಲ್ಲಿ, ಮನೆಯಲ್ಲಿ ಇನ್ನೂ ಯಾವ ಯಂತ್ರವೂ ಇಲ್ಲದವರ ನಡುವೆ, ತೇವಕ್ಕೆ ಟೇಪು ಬೂಸಲು ಹಿಡಿಯುವ ಕಡೆ, ಅದು ಕಾಳ್ಗಿಚ್ಚಿನಂತೆ ಹಬ್ಬಿತು.

ಡಿವಿಡಿಯ ಮುಂದಿನ ಪೀಳಿಗೆಯ ಡಿಸ್ಕುಗಳಾದ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿಯ ಕದನವನ್ನು ಬೇಗ ಹೇಳಿ ಮುಗಿಸಬಹುದು. ಎರಡೂ 2006ರಲ್ಲಿ ಬಂದವು. ಒಂದು ಪದರದಲ್ಲಿ 25 ಗಿಗಾಬೈಟ್ ಬ್ಲೂ-ರೇಯದು, 15 ಎಚ್‌ಡಿ ಡಿವಿಡಿಯದು. ಈ ಬಾರಿ ಸೋನಿ ತನ್ನ ಡಿಸ್ಕು ಓದುವ ಯಂತ್ರವನ್ನು ಪ್ಲೇಸ್ಟೇಷನ್ 3 ಎಂಬ ವಿಡಿಯೊ ಗೇಮ್ ಯಂತ್ರದ ಹೊಟ್ಟೆಯಲ್ಲಿಟ್ಟು ಲಕ್ಷಾಂತರ ಮನೆಗಳಿಗೆ ಆಟಿಕೆಯ ನೆಪದಲ್ಲಿ ಕಳಿಸಿತ್ತು. 2008ರ ಜನವರಿ 4ರಂದು ವಾರ್ನರ್ ಸ್ಟುಡಿಯೊ ಬ್ಲೂ-ರೇ ಕಡೆಗೆ ವಾಲಿತು, ಫೆಬ್ರುವರಿ 19ರಂದು ತೊಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಸೋನಿ ಬೀಟಾದ ಪಾಠವನ್ನು ಚೆನ್ನಾಗಿ ಕಲಿತಿತ್ತು, ಗೆದ್ದಿತು. ಆದರೆ ಹೆಚ್ಚಿನವರಿಗೆ ಡಿವಿಡಿಯೇ ಸಾಕಾಗಿತ್ತು. ಅದೇ ಹೊತ್ತಿಗೆ, 2007ರಲ್ಲಿ, ನೆಟ್‌ಫ್ಲಿಕ್ಸ್ ಅಂತರ್ಜಾಲದ ಮೂಲಕ ಸಿನಿಮಾ ಹರಿಸಲು ತೊಡಗಿತ್ತು. ಅದರ ಚಿತ್ರ ಬ್ಲೂ-ರೇಯ ಹತ್ತಿರವೂ ಸುಳಿಯುವಂತಿರಲಿಲ್ಲ. ಎದ್ದು ಹೋಗಿ ಡಿಸ್ಕು ಹಾಕಬೇಕಿಲ್ಲ ಎಂಬುದೊಂದೇ ಅದರ ಹೆಚ್ಚುಗಾರಿಕೆ.

ಪೆಟ್ಟಿಗೆಯ ಕೊನೆಯ ಟೇಪು

ಚಿಕ್ಕಪ್ಪನ 32 ಟೇಪುಗಳಲ್ಲಿ 27 ಓಡಿದವು. ಮೂರಕ್ಕೆ ಬೂಸಲು ಹಿಡಿದಿತ್ತು, ಎರಡು ಖಾಲಿ. ಓಡಿದವುಗಳಲ್ಲಿ ಒಂದರ ಕೊನೆಯಲ್ಲಿ, ಟಿವಿ ನಾಟಕವೊಂದು ಮುಗಿದ ಮೇಲೆ, ಕಾರ್ಯಕ್ರಮವಿಲ್ಲದ ಪರದೆಯ ಚುಕ್ಕಿಗಳು ಎಂಟು ನಿಮಿಷ ಹಾಗೇ ಓಡಿದವು. ಅವರು ಯಂತ್ರ ನಿಲ್ಲಿಸುವುದನ್ನು ಮರೆತು ನಿದ್ದೆ ಹೋಗಿದ್ದಿರಬೇಕು. ಆ ಎಂಟು ನಿಮಿಷವನ್ನು ಕತ್ತರಿಸಬೇಡಿ ಎಂದು ತಂತ್ರಜ್ಞರಿಗೆ ಹೇಳಿದೆ. ಅವರು ನನ್ನ ಮುಖ ನೋಡಿ, ಏನೂ ಕೇಳದೆ ಬರೆದುಕೊಂಡರು.

ಆಮೇಲೆ ಅವರೇ ಕೇಳಿದರು, ಯಾವ ವಿಧಾನದಲ್ಲಿ ಕೊಡಲಿ ಎಂದು. ಒಂದರಲ್ಲಿ ಟೇಪಿನಿಂದ ಬಂದದ್ದೆಲ್ಲ ಒಂದು ಚೂರೂ ಬಿಡದೆ ಉಳಿಯುತ್ತದೆ, ಕಡತ ದೊಡ್ಡದಾಗುತ್ತದೆ, ಎಲ್ಲ ಕಡೆ ತೆರೆಯುವುದಿಲ್ಲ. ಇನ್ನೊಂದು ಎಂಪಿ4, ಸ್ವಲ್ಪ ವಿವರ ಹೋಗುತ್ತದೆ, ಆದರೆ ಯಾರ ಫೋನಿನಲ್ಲಿ ಬೇಕಾದರೂ ತೆರೆಯುತ್ತದೆ. ಚಿಕ್ಕಪ್ಪನ ಮಕ್ಕಳಿಗೆ, ಅತ್ತೆಯರಿಗೆ, ಎಲ್ಲರಿಗೂ ಕಳಿಸಬೇಕಿತ್ತು. ಎರಡನೆಯದನ್ನೇ ಕೊಡಿ ಎಂದು ಯೋಚಿಸದೆ ಹೇಳಿ ಮನೆಗೆ ಬಂದೆ. ರಾತ್ರಿ ಮಲಗಿದ ಮೇಲೆ ದೊಡ್ಡದರ ಮೇಲೆ ಚಿಕ್ಕದನ್ನು ಅಂಚು ಸೇರಿಸಿ ಇಟ್ಟ ಆ ಕೈ ನೆನಪಾಯಿತು. ಬೆಳಿಗ್ಗೆ ತಂತ್ರಜ್ಞರಿಗೆ ಫೋನ್ ಮಾಡಿ, ಮೊದಲನೆಯದನ್ನೂ ಮಾಡಿಕೊಡಿ ಎಂದೆ. ಅವರು ನಕ್ಕು, ಹಾಗಾದರೆ ಇನ್ನೊಂದು ಹಾರ್ಡ್ ಡಿಸ್ಕ್ ತನ್ನಿ ಎಂದರು.